ನೆಟ್ ನಿಧಾನವಾಗಿದೆಯೋ, ನಿಧಾನ ಮಾಡಿದ್ದಾರೋ? ಲಕ್ಷಣ ನೋಡಿ ಪತ್ತೆ ಹಚ್ಚುವ ಬಗೆ

ಹಾಸನದ ನನ್ನ ಕಂಪ್ಯೂಟರ್ ದುರಸ್ತಿ ಅಂಗಡಿಗೆ ಈಗೀಗ ಬರುವ ದೂರುಗಳಲ್ಲಿ ಹೆಚ್ಚಿನವು ಕಂಪ್ಯೂಟರಿನವಲ್ಲ. "ನೆಟ್ ನಿಧಾನ" ಎಂದು ಬರುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಕಂಪನಿಯವರು ಬೇಕೆಂದೇ ತಗ್ಗಿಸುತ್ತಿದ್ದಾರೆ" ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗೆ ಮಾಡಿ ಸಿಕ್ಕಿಬಿದ್ದ ಕಂಪನಿಗಳು ಜಗತ್ತಿನಲ್ಲಿವೆ, ಹಾಗೆ ಮಾಡಕೂಡದೆಂಬ ನಿಯಮ ನಮ್ಮ ದೇಶದಲ್ಲಿದೆ. ಆದರೆ ಪುರಾವೆಯಿಲ್ಲದೆ ಈ ಮಾತು ಆಡಿದರೆ ಆ ಕಡೆಯವರು "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದು ಹೇಳಿ ಫೋನ್ ಇಡುತ್ತಾರೆ. ಪುರಾವೆ ಕೂಡಿಸುವ ದಾರಿ ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಮ್ಮ ಕೆರೆಗಳ ಕೆಳಗೆ ಹಿಂದೆ ನೀರುಗಂಟಿ ಇರುತ್ತಿದ್ದ. ನೀರು ಕಡಿಮೆಯಾದ ವರ್ಷ ಅವನು ಸರದಿ ಮಾಡಿ ಬಿಡುತ್ತಿದ್ದ. ಎಲ್ಲರಿಗೂ ಕಡಿಮೆಯೇ ಸಿಗುತ್ತಿತ್ತು, ಆದರೂ ಯಾರೂ ಅದನ್ನು ಅನ್ಯಾಯ ಎನ್ನುತ್ತಿರಲಿಲ್ಲ. ಅದೇ ನೀರುಗಂಟಿ ತನ್ನ ನೆಂಟನ ಗದ್ದೆಗೆ ತೂಬು ಪೂರ್ತಿ ಎತ್ತಿ, ಪಕ್ಕದವನ ಕಾಲುವೆಗೆ ಮಣ್ಣು ಹಾಕಿದರೆ ಊರು ಸೇರಿ ಕೇಳುತ್ತಿತ್ತು. ಇಂಟರ್‌ನೆಟ್ ಕಂಪನಿಯೂ ನೀರುಗಂಟಿಯೇ. ನಾವು ದುಡ್ಡು ಕೊಟ್ಟು ಪಡೆದ ಹರಿವಿನಲ್ಲಿ ಏನು ಬೆಳೆಯುತ್ತೇವೆ ಎಂಬುದು ಅದರ ಲೆಕ್ಕಕ್ಕೆ ಬರಬಾರದು. ಇದನ್ನೇ ನೆಟ್ ನ್ಯೂಟ್ರಾಲಿಟಿ, ಪತ್ರಿಕೆಗಳ ಭಾಷೆಯಲ್ಲಿ ಅಂತರ್ಜಾಲ ತಟಸ್ಥತೆ, ಎನ್ನುತ್ತಾರೆ.

ಹಾಗಾಗಿ ಪರೀಕ್ಷೆಯ ಉದ್ದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲವೂ ನಿಧಾನವೋ, ಆಯ್ದ ಒಂದೆರಡು ಮಾತ್ರ ನಿಧಾನವೋ?

"ಎಲ್ಲವೂ ನಿಧಾನ, ಯಾವಾಗಲೂ ನಿಧಾನ"

ಇದು ಅತಿ ಸಾಮಾನ್ಯವಾದ ಲಕ್ಷಣ. ತಾರತಮ್ಯದ ಸಂಶಯಕ್ಕೆ ಇಲ್ಲಿ ಜಾಗ ಕಡಿಮೆ. ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ.

ನಿಮ್ಮ ಪ್ಲಾನ್ ಎಷ್ಟರದು ಎಂದು ಬಿಲ್ಲಿನಲ್ಲಿ ನೋಡಿ. 100 ಎಂಬಿಪಿಎಸ್ ಎಂದಿದ್ದರೆ ಅದು ಮೆಗಾಬಿಟ್. ಕಡತ ಇಳಿಸುವಾಗ ಪರದೆಯ ಮೇಲೆ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ 100ರ ಪ್ಲಾನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಆಸುಪಾಸು ಬಂದರೆ ನಿಮಗೆ ಪೂರ್ತಿ ಸಿಕ್ಕಿದೆ ಎಂದೇ ಅರ್ಥ. ಇದೊಂದು ಲೆಕ್ಕ ತಿಳಿಸಿದ ಮೇಲೆ ಸಮಾಧಾನವಾಗಿ ಮನೆಗೆ ಹೋದವರು ಹಲವರಿದ್ದಾರೆ.

ನಂತರ ರೂಟರಿನ ವಿದ್ಯುತ್ ತೆಗೆದು ಒಂದು ನಿಮಿಷ ಬಿಟ್ಟು ಹಾಕಿ. ಸುಧಾರಿಸದಿದ್ದರೆ ವೈಫೈ ಬಿಟ್ಟು, ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ವೇಗ ಅಳೆಯಿರಿ. ಕೇಬಲ್ಲಿನಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ನಿಧಾನವಿದ್ದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ. ಮಲೆನಾಡಿನ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಕಲ್ಲಿನ ಗೋಡೆ ವೈಫೈ ಅಲೆಯನ್ನು ನುಂಗುತ್ತವೆ. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. ರೂಟರನ್ನು ದೇವರ ಕೋಣೆಯ ಮೂಲೆಯಿಂದ ನಡುಮನೆಗೆ ತಂದದ್ದಷ್ಟರಿಂದಲೇ ಸರಿಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ.

ಕೇಬಲ್ಲಿನಲ್ಲೂ ವೇಗ 90ರ ಸುಮಾರಿಗೆ ನಿಂತು, ನಿಮ್ಮ ಪ್ಲಾನ್ 200 ಅಥವಾ 300 ಆಗಿದ್ದರೆ ಕೇಬಲನ್ನೇ ಅನುಮಾನಿಸಿ. ಒಳಗಿನ ಎಂಟು ಎಳೆಗಳಲ್ಲಿ ಒಂದು ಕಡಿದರೂ ಸಂಪರ್ಕ 100ಕ್ಕೆ ಇಳಿಯಬಹುದು. ಇಲಿ ಕಡಿದ ಕೇಬಲ್ಲಿಗೂ ಕಂಪನಿಗೂ ಸಂಬಂಧವಿಲ್ಲ.

"ತಿಂಗಳ ಮೊದಲು ಸರಿ, ಕೊನೆಗೆ ತೆವಳುತ್ತದೆ"

ಪ್ಲಾನಿನಲ್ಲಿ ಡೇಟಾ ಮಿತಿಯಿದೆ. "ಅನ್‌ಲಿಮಿಟೆಡ್" ಎಂಬ ದೊಡ್ಡ ಅಕ್ಷರದ ಕೆಳಗೆ ಚಿಕ್ಕ ಅಕ್ಷರದಲ್ಲಿ, ಇಷ್ಟು ಜಿಬಿ ಮುಗಿದ ಮೇಲೆ ಇಷ್ಟು ವೇಗ ಎಂದು ಬರೆದಿರುತ್ತದೆ. ಎಲ್ಲ ಬಳಕೆಗೂ ಒಂದೇ ಸಮ ತಗ್ಗುವುದರಿಂದ ಇದು ತಟಸ್ಥತೆಯ ಉಲ್ಲಂಘನೆಯಲ್ಲ. ಆದರೆ ಮಾರುವಾಗ ಮಿತಿಯನ್ನು ಮರೆಮಾಚಿದ್ದರೆ ಅದು ಬೇರೆ ದೂರು, ಅದನ್ನು ಧಾರಾಳವಾಗಿ ಕೊಡಿ. 2023ರ ಜನವರಿಯಿಂದ ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇರಬೇಕು. ಅದಕ್ಕೂ ಮೊದಲು 512 ಕೆಬಿಪಿಎಸ್ ಸಾಕಾಗಿತ್ತು.

"ಮಳೆ ಬಂದರೆ, ಕರೆಂಟ್ ಹೋದರೆ ನಿಲ್ಲುತ್ತದೆ"

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಪಾಡು. ತೋಟದ ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಮಾಹಿತಿಯನ್ನು ಬೆಳಕಿನ ರೂಪದಲ್ಲಿ ಸಾಗಿಸುವ ಫೈಬರ್ ಎಳೆ ಪೂರ್ತಿ ತುಂಡಾಗದೆ ಬಾಗಿದರೂ ಬೆಳಕು ಸೋರಿ ವೇಗ ಕುಸಿಯುತ್ತದೆ. ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ನಿಮ್ಮ ಮನೆಗೆ ತಲುಪುತ್ತಿಲ್ಲ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಲೈನ್‌ಮನ್‌ಗೆ ಹೇಳಿ. ಆ ಕೆಂಪು ದೀಪ ಇಲ್ಲದೆಯೂ ಸಂಪರ್ಕ ಬಿಟ್ಟುಬಿಟ್ಟು ಬರುತ್ತಿದ್ದರೆ, ಬಂದವರಿಗೆ ಬೆಳಕಿನ ಅಳತೆ ತೋರಿಸುವಂತೆ ಕೇಳಿ. ಡಿಬಿಎಂ ಎಂಬ ಮಾನದಲ್ಲಿ ಅದು ಮೈನಸ್ 20ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ತಡವರಿಸುತ್ತದೆ.

ಕರೆಂಟ್ ಹೋದಾಗ ನಿಮ್ಮ ಮನೆಯ ಯುಪಿಎಸ್ ಇದ್ದರೂ ನೆಟ್ ಹೋಗುವುದಾದರೆ, ದಾರಿಯಲ್ಲಿರುವ ಕೇಬಲ್‌ನವರ ಪೆಟ್ಟಿಗೆಗೆ ಬ್ಯಾಟರಿ ಇಲ್ಲ ಅಥವಾ ಸತ್ತಿದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಇಂಟರ್‌ನೆಟ್ ತಂತಿಗಳು ವಿದ್ಯುತ್ ಕಂಬದ ಮೇಲೆಯೇ ಹಾದುಹೋಗಿವೆ. ಜೋತುಬಿದ್ದ ತಂತಿ ಕೇಬಲ್ಲಿನದ್ದೋ ವಿದ್ಯುತ್ತಿನದ್ದೋ ಎಂದು ಕೆಳಗೆ ನಿಂತು ಹೇಳಲಾಗದು. ಮುಟ್ಟಬೇಡಿ, ಕೋಲಿನಿಂದ ಸರಿಸಬೇಡಿ, ಕಂಬ ಹತ್ತಬೇಡಿ. ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಎರಡಕ್ಕೂ 1912. ಇನ್ನೊಂದು, ತುಂಡಾದ ಫೈಬರಿನ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಕಾಣದಿದ್ದರೂ ಕಣ್ಣಿಗೆ ಒಳ್ಳೆಯದಲ್ಲ. ಗುಡುಗು ಶುರುವಾದರೆ ರೂಟರಿನ ಪ್ಲಗ್ ಕಿತ್ತುಬಿಡಿ.

"ಸಂಜೆ ಏಳಕ್ಕೆ ಶುರುವಾಗಿ ಹತ್ತೂವರೆವರೆಗೆ ಸಾಯುತ್ತದೆ"

ಇದು ದಟ್ಟಣೆ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದಲ್ಲಿ ಮೊಬೈಲ್ ಡೇಟಾ ಹೇಗಾಗುತ್ತದೆ ಎಂದು ನೆನಪಿಸಿಕೊಳ್ಳಿ. ಅದೇ ಟವರು, ಅದೇ ಫೋನು, ಜನ ಮಾತ್ರ ಹತ್ತಾರು ಪಟ್ಟು. ರಜೆಯ ದಿನ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ನಿಂತವರಿಗೂ ಇದು ಗೊತ್ತು. ಅಲ್ಲಿ ಯಾರೂ ಯಾರನ್ನೂ ಆರಿಸಿ ತಗ್ಗಿಸುತ್ತಿಲ್ಲ. ದಾರಿ ಕಿರಿದು, ಬಂದವರು ಹೆಚ್ಚು.

ಮನೆಯ ಸಂಪರ್ಕದಲ್ಲೂ ಹೀಗೆಯೇ. ಕಂಪನಿ ಹತ್ತು ಜನಕ್ಕೆ ಸಾಲುವ ದಾರಿಯನ್ನು ಐವತ್ತು ಜನಕ್ಕೆ ಮಾರಿರುತ್ತದೆ, ಎಲ್ಲರೂ ಒಮ್ಮೆಗೇ ಬಳಸುವುದಿಲ್ಲ ಎಂಬ ನಂಬಿಕೆಯ ಮೇಲೆ. ಸಂಜೆ ಆ ನಂಬಿಕೆ ಮುರಿಯುತ್ತದೆ. ಪರೀಕ್ಷೆ ಸುಲಭ: ಬೆಳಗಿನ ಜಾವ 6ಕ್ಕೊಮ್ಮೆ, ರಾತ್ರಿ 9ಕ್ಕೊಮ್ಮೆ, ಕೇಬಲ್ ಜೋಡಿಸಿ, ಒಂದು ವಾರ ವೇಗ ಅಳೆದು ಪುಸ್ತಕದಲ್ಲಿ ಬರೆಯಿರಿ. ಜೊತೆಗೆ ಪಿಂಗ್ ಸಂಖ್ಯೆಯನ್ನೂ, ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಮರಳಲು ಹಿಡಿಯುವ ಹೊತ್ತನ್ನೂ, ಬರೆಯಿರಿ. ಬೆಳಿಗ್ಗೆ 15 ಮಿಲಿಸೆಕೆಂಡ್ ಇದ್ದದ್ದು ರಾತ್ರಿ 150 ಆಗುತ್ತಿದ್ದರೆ ಎಲ್ಲೋ ಸರದಿ ಬೆಳೆಯುತ್ತಿದೆ. ಎಲ್ಲಿ ಎಂದು ತಿಳಿಯಲು ಮೊದಲು ನಿಮ್ಮ ರೂಟರಿಗೇ ಪಿಂಗ್ ಮಾಡಿ, ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅಲ್ಲೇ ತಡವಾದರೆ ದೋಷ ಮನೆಯೊಳಗೆ. ಅಲ್ಲಿ ಒಂದೆರಡು ಮಿಲಿಸೆಕೆಂಡಿದ್ದು, ಹೊರಗಿರುವ ಗೂಗಲ್ ಸರ್ವರಿನ ವಿಳಾಸವಾದ 8.8.8.8ಕ್ಕೆ ಮಾತ್ರ ತಡವಾದರೆ, ಹೊರಗೆ.

ದಟ್ಟಣೆ ತಾರತಮ್ಯವಲ್ಲ ನಿಜ. ಹಾಗೆಂದು ಅದು ಕ್ಷಮಿಸಬೇಕಾದ್ದೂ ಅಲ್ಲ. ಪ್ರತಿದಿನ ಮೂರು ಗಂಟೆ ಹತ್ತನೇ ಒಂದು ಭಾಗ ಕೊಡುವವರು ಪೂರ್ತಿ ಬಿಲ್ ಕೇಳಬಾರದು.

"ಒಂದೇ ಆಪ್ ನಿಧಾನ, ಉಳಿದದ್ದೆಲ್ಲ ಸರಿ"

ನಿಜವಾದ ಸಂಶಯಕ್ಕೆ ಆಸ್ಪದ ಇರುವುದು ಇಲ್ಲಿ. ಹಾಗಾಗಿಯೇ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದದ್ದೂ ಇಲ್ಲಿಯೇ.

ಆಲ್ದೂರಿನ ಹತ್ತಿರ ಹೋಂಸ್ಟೇ ನಡೆಸುವ ನನ್ನ ಅಕ್ಕನ ಮನೆಯ ಕಥೆ ಹೇಳುತ್ತೇನೆ. ಅವಳ ಮಗ ಹೊರದೇಶದಲ್ಲಿದ್ದಾನೆ. ರಾತ್ರಿ ಅವನ ಜೊತೆ ವಿಡಿಯೊ ಕರೆ ಮಾಡಿದರೆ ಮುಖ ಚೂರುಚೂರಾಗಿ ನಿಲ್ಲುತ್ತಿತ್ತು. ಅದೇ ಹೊತ್ತಿಗೆ ಇಂಟರ್‌ನೆಟ್ ಕಂಪನಿ ಪ್ಲಾನಿನ ಜೊತೆ ಉಚಿತವಾಗಿ ಕೊಟ್ಟ ಸಿನಿಮಾ ಆಪ್ ಒಂದು ಕ್ಷಣವೂ ತಡೆಯದೆ ಓಡುತ್ತಿತ್ತು. "ತಮ್ಮದನ್ನು ಓಡಿಸುತ್ತಾರೆ, ಬೇರೆಯವರದ್ದನ್ನು ತುಳಿಯುತ್ತಾರೆ, ಇದಕ್ಕಿಂತ ಸಾಕ್ಷಿ ಬೇಕೇನೋ?" ಎಂದು ಭಾವ ಕೇಳಿದರು. ಮೇಲ್ನೋಟಕ್ಕೆ ನನಗೂ ಹಾಗೆಯೇ ಅನ್ನಿಸಿತು. ಮೂರು ಸಂಜೆ ಅಲ್ಲಿಯೇ ಕುಳಿತೆ.

ಮೊದಲ ಪರೀಕ್ಷೆ, ಬೇರೆ ದಾರಿ. ಅದೇ ಫೋನಿನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಅದೇ ಕರೆ ಮಾಡಿದೆ. ಸಿಗ್ನಲ್ ಸಿಗುವ ಅಂಗಳದ ಮೂಲೆಯಲ್ಲಿ ನಿಂತಾಗ ಕರೆ ಸರಿಯಾಗಿ ಬಂತು. ಅಂದರೆ ಆಪ್‌ನವರ ಸರ್ವರ್ ಸರಿಯಾಗಿದೆ, ಫೋನೂ ಸರಿಯಾಗಿದೆ. ಎರಡೂ ದಾರಿಯಲ್ಲಿ ಕೆಟ್ಟಿದ್ದರೆ ಕಂಪನಿಯನ್ನು ದೂರುವ ಹಾಗಿರಲಿಲ್ಲ.

ಎರಡನೆಯದು, ಡಿಎನ್‌ಎಸ್. ಹೆಸರನ್ನು ವಿಳಾಸವಾಗಿ ಬದಲಿಸುವ ಈ ವ್ಯವಸ್ಥೆ ಕಂಪನಿಯದ್ದು ಮಂದವಾಗಿದ್ದರೆ ಕೆಲವು ಸೈಟುಗಳು ತೆರೆಯಲು ಹೊತ್ತು ಹಿಡಿಯುತ್ತವೆ, ತೆರೆದ ಮೇಲೆ ಸರಿಯಾಗಿಯೇ ಓಡುತ್ತವೆ. ರೂಟರಿನಲ್ಲಿ ಕಂಪನಿಯ ಡಿಎನ್‌ಎಸ್ ಬದಲು 1.1.1.1 ಅಥವಾ 8.8.8.8 ಹಾಕಿ ನೋಡಬಹುದು. ಅಕ್ಕನ ಮನೆಯಲ್ಲಿ ಇದರಿಂದ ಏನೂ ಬದಲಾಗಲಿಲ್ಲ.

ಮೂರನೆಯದು, ಸ್ಪೀಡ್ ಟೆಸ್ಟಿನ ಸರ್ವರ್ ಬದಲಿಸುವುದು. ಸಾಮಾನ್ಯ ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರನ್ನು ತಾನೇ ಆರಿಸುತ್ತದೆ, ಅನೇಕ ಸಲ ಅದು ನಿಮ್ಮ ಕಂಪನಿಯ ಒಳಗೇ ಇರುತ್ತದೆ. ಅಂದರೆ ನೀವು ಅಳೆದದ್ದು ಮನೆಯಿಂದ ಅಂಗಳದವರೆಗಿನ ದಾರಿ ಮಾತ್ರ, ಹೆದ್ದಾರಿಯನ್ನಲ್ಲ. ಅಲ್ಲಿ ನಮಗೆ 72 ಬಂತು. ಬೇರೆ ಊರಿನ, ಬೇರೆ ಸಂಸ್ಥೆಯ ಸರ್ವರ್ ಆರಿಸಿದಾಗ 6! ಫಾಸ್ಟ್ ಡಾಟ್ ಕಾಮ್ ಎಂಬ ಇನ್ನೊಂದು ಪರೀಕ್ಷೆ ಇದೆ. ಅದು ನೆಟ್‌ಫ್ಲಿಕ್ಸ್‌ನ ಸರ್ವರುಗಳಿಂದಲೇ ಅಳೆಯುವುದರಿಂದ, ವಿಡಿಯೊಗೆ ಸಿಗುವ ವೇಗವೂ ಉಳಿದದ್ದಕ್ಕೆ ಸಿಗುವ ವೇಗವೂ ಒಂದೇ ಆಗಿದೆಯೇ ಎಂದು ಹೋಲಿಸಲು ಉಪಯೋಗಿ.

ನಾಲ್ಕನೆಯದು, ವಿಪಿಎನ್. ಇದು ನಿಮ್ಮ ಸಂಚಾರವನ್ನು ಮುಸುಕು ಹಾಕಿ ಕಳಿಸುತ್ತದೆ, ಒಳಗೆ ಕರೆಯಿದೆಯೋ ಸಿನಿಮಾ ಇದೆಯೋ ಕಂಪನಿಗೆ ಕಾಣುವುದಿಲ್ಲ. ಮುಸುಕು ಹಾಕಿದ ಕೂಡಲೇ ವೇಗ ಏರಿದರೆ, ನೋಡಿ ತಡೆಯುತ್ತಿದ್ದಾರೆಂಬ ಸಂಶಯ ಬಲವಾಗುತ್ತದೆ. ಆದರೂ ಇದೊಂದೇ ಸಾಲದು, ವಿಪಿಎನ್ ಬೇರೆ ದಾರಿಯಲ್ಲಿ ಸುತ್ತಿಸಿ ದಟ್ಟಣೆ ತಪ್ಪಿಸಿಯೂ ವೇಗ ತಂದಿರಬಹುದು. ಇನ್ನೊಂದು ಮಾತು, ಹೆಸರು ಕೇಳರಿಯದ ಉಚಿತ ವಿಪಿಎನ್ ಹಾಕಿಕೊಂಡು ಬ್ಯಾಂಕ್ ಆಪ್ ತೆರೆಯಬೇಡಿ. ಪರೀಕ್ಷೆ ಮುಗಿದ ಮೇಲೆ ತೆಗೆದುಹಾಕಿ.

ಐದನೆಯದು ಎಲ್ಲಕ್ಕಿಂತ ನಂಬಲರ್ಹ: ವೀಹಿ (Wehe) ಎಂಬ ಆಪ್. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ್ದು. ಜನಪ್ರಿಯ ಆಪ್‌ಗಳ ಸಂಚಾರವನ್ನು ಮೊದಲೇ ಮುದ್ರಿಸಿಕೊಂಡು, ಒಮ್ಮೆ ಇದ್ದ ಹಾಗೆಯೇ ಕಳಿಸುತ್ತದೆ. ಇನ್ನೊಮ್ಮೆ ಅದೇ ಗಾತ್ರ, ಅದೇ ಲಯ, ಆದರೆ ಗುರುತು ಸಿಗದ ಹಾಗೆ ಅಕ್ಷರ ಕಲಸಿ ಕಳಿಸುತ್ತದೆ. ದಾರಿ ಒಂದೇ, ಭಾರ ಒಂದೇ, ಮುಖ ಮಾತ್ರ ಬೇರೆ. ಎರಡರ ವೇಗದಲ್ಲಿ ಮತ್ತೆ ಮತ್ತೆ ಎದ್ದು ಕಾಣುವ ಅಂತರ ಬಂದರೆ, ಮುಖ ನೋಡಿ ಮಣೆ ಹಾಕುತ್ತಿದ್ದಾರೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು.

ಅಕ್ಕನ ಮನೆಯಲ್ಲಿ ವಿಪಿಎನ್ ಹಾಕಿದರೂ ಕರೆ ಹಾಗೆಯೇ ಒಡೆಯಿತು. ವೀಹಿಯಲ್ಲಿ ಮೂರು ಸಂಜೆಯೂ ಅಂತರ ಕಾಣಲಿಲ್ಲ. ಅಲ್ಲಿಗೆ ಚಿತ್ರ ಸ್ಪಷ್ಟವಾಯಿತು. ಸಿನಿಮಾ ಆಪ್‌ನ ಪ್ರತಿಗಳು ಕಂಪನಿಯ ಒಳಗಿನ ಸಂಗ್ರಹದಲ್ಲೇ ಇದ್ದವು, ಹೊರಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ. ಕರೆ ಮಾತ್ರ ಹೊರಗಿನ ಹೆದ್ದಾರಿಗೆ ಹೋಗಬೇಕಿತ್ತು, ಆ ಹೆದ್ದಾರಿಯನ್ನು ಕಂಪನಿ ಸಾಕಷ್ಟು ಅಗಲ ಕೊಂಡಿರಲಿಲ್ಲ. ಯಾರೂ ತುಳಿಯುತ್ತಿರಲಿಲ್ಲ, ಯಾರೂ ಅಗಲಿಸುತ್ತಲೂ ಇರಲಿಲ್ಲ. ಭಾವನಿಗೆ ನಿರಾಸೆಯಾಯಿತು. ಆದರೆ "72 ಮತ್ತು 6" ಎಂಬ ಎರಡು ಸಂಖ್ಯೆಗಳೊಂದಿಗೆ ಕೊಟ್ಟ ದೂರಿಗೆ ಕಂಪನಿ ಉತ್ತರ ಕೊಡಲೇಬೇಕಾಯಿತು, ಒಂದೂವರೆ ತಿಂಗಳಲ್ಲಿ ರಾತ್ರಿಯ ಅಳತೆ 45 ದಾಟಿತು.

ಈ ಒಳಗಿನ ಸಂಗ್ರಹದ ವಿಷಯ ನನ್ನನ್ನು ಇನ್ನೂ ಕಾಡುತ್ತದೆ. ದೊಡ್ಡ ಕಂಪನಿಗಳು ಹಾಗೆ ಪ್ರತಿ ಇಡಬಲ್ಲವು. ಬಾಳೆಹೊನ್ನೂರಿನ ಬೆಳೆಗಾರ ತನ್ನ ಕಾಫಿಪುಡಿ ಮಾರಲು ಮಾಡಿಕೊಂಡ ಸಣ್ಣ ಸೈಟ್, ಕನ್ನಡದ ಒಂದು ಪುಟ್ಟ ಆಡಿಯೊ ತಾಣ ಇಡಲಾರವು. ಅವಕ್ಕೆ ಹೊರಗಿನ ಹೆದ್ದಾರಿಯೇ ಗತಿ. ಆ ಹೆದ್ದಾರಿ ಚೆನ್ನಾಗಿರಬೇಕು ಎಂದು ಕೇಳುವುದು ಅವರ ಪರವಾಗಿ ಕೇಳಿದಂತೆ.

"ಮೊಬೈಲಿನಲ್ಲಿ ವಿಡಿಯೊ ಮಾತ್ರ ಮಸುಕು"

ಮೊದಲು ಫೋನಿನ ಡೇಟಾ ಸೇವರ್ ಆಫ್ ಮಾಡಿ, ಆಪ್‌ನ ಗುಣಮಟ್ಟದ ಆಯ್ಕೆ ನೋಡಿ. ಆಪ್‌ನವರೇ ತಗ್ಗಿಸಿರುವುದೂ ಉಂಟು. 2020ರ ಮಾರ್ಚ್‌ನ ಲಾಕ್‌ಡೌನ್ ಹೊತ್ತಿಗೆ ವಿಡಿಯೊ ಸಂಸ್ಥೆಗಳು ತಾವಾಗಿ ಮೊಬೈಲ್ ವಿಡಿಯೊವನ್ನು 480ಕ್ಕೆ ಇಳಿಸಿದ್ದವು.

"ಸೈಟ್ ತೆರೆಯುವುದೇ ಇಲ್ಲ"

ನಿಧಾನ ಬೇರೆ, ನಿರ್ಬಂಧ ಬೇರೆ. ಸರ್ಕಾರವು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಅಥವಾ ನ್ಯಾಯಾಲಯವು ಆದೇಶಿಸಿದರೆ ಕಂಪನಿ ತಡೆಯಲೇಬೇಕು. ಅದನ್ನು ದಾಟುವ ಉಪಾಯ ಹುಡುಕಬೇಡಿ. ಆದೇಶವಿಲ್ಲದೆ ಒಂದೇ ಕಂಪನಿಯಲ್ಲಿ ಮಾತ್ರ ತೆರೆಯದ ಸೈಟ್ ಇದ್ದರೆ ಅದನ್ನು ದೂರಿನಲ್ಲಿ ಸೇರಿಸಿ.

ಪುರಾವೆ ಸಿಕ್ಕಿತು, ಮುಂದೆ?

ಕಾನೂನು ನಿಮ್ಮ ಕಡೆ ಇದೆ ಎಂದು ತಿಳಿದುಕೊಂಡು ಮಾತಾಡಿ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್‌ನೆಟ್ ಕರೆಗಳಿಗೆ ಬೇರೆ ದರ ಘೋಷಿಸಿ, ಆಕ್ಷೇಪ ಎದ್ದ ಮೇಲೆ ಕೈಬಿಟ್ಟಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಅವನ್ನು ಬರೆದವರು ನಮ್ಮಂಥವರೇ. 2016ರ ಫೆಬ್ರುವರಿ 8ರಂದು ಟ್ರಾಯ್, ಯಾವ ಸೈಟ್ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಿಸುವುದನ್ನು ನಿಷೇಧಿಸಿತು. ಆಯ್ದ ಕೆಲವು ಸೈಟುಗಳನ್ನು ಮಾತ್ರ ಉಚಿತವಾಗಿ ಕೊಡುತ್ತಿದ್ದ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇಲ್ಲಿ ನಿಂತುಹೋದದ್ದು ಅದರಿಂದಲೇ. 2018ರಲ್ಲಿ ದೂರಸಂಪರ್ಕ ಇಲಾಖೆ ತಟಸ್ಥತೆಯನ್ನು ಕಂಪನಿಗಳ ಪರವಾನಗಿಯ ಷರತ್ತಾಗಿ ಸೇರಿಸಿತು: ವಿಷಯ ನೋಡಿ ತಡೆಯುವುದು, ಕೆಡಿಸುವುದು, ನಿಧಾನ ಮಾಡುವುದು, ಕೆಲವಕ್ಕೆ ಹೆಚ್ಚು ವೇಗ ಕೊಡುವುದು ಕೂಡದು. ದಟ್ಟಣೆ ನಿಭಾಯಿಸಲು ಅವಕಾಶವಿದೆ, ಆದರೆ ಅದು ಅಗತ್ಯಕ್ಕೆ ತಕ್ಕಷ್ಟು, ತಾತ್ಕಾಲಿಕ, ಪಾರದರ್ಶಕ ಆಗಿರಬೇಕು. "ನೆಟ್‌ವರ್ಕ್ ನಿರ್ವಹಣೆಗಾಗಿ" ಎಂದು ಕಂಪನಿ ಉತ್ತರಿಸಿದರೆ ಈ ಮೂರರಲ್ಲಿ ಯಾವುದನ್ನು ಪಾಲಿಸಿದ್ದೀರಿ ಎಂದು ಕೇಳಿ.

ಒಬ್ಬ ಗ್ರಾಹಕ ಏನು ಮಾಡಿಯಾನು ಎನ್ನುವವರಿಗೆ 2007ರ ಸಂಗತಿ ಹೇಳುತ್ತೇನೆ. ಅಮೆರಿಕದ ಇಂಟರ್‌ನೆಟ್ ಕಂಪನಿ ಕಾಮ್‌ಕಾಸ್ಟ್, ಬಳಕೆದಾರರು ತಮ್ಮತಮ್ಮಲ್ಲೇ ಕಡತ ಹಂಚಿಕೊಳ್ಳುವ ಬಿಟ್‌ಟೊರೆಂಟ್ ವಿಧಾನದ ಸಂಚಾರವನ್ನು ಗುಟ್ಟಾಗಿ ಕಡಿಯುತ್ತಿದ್ದುದನ್ನು ಮೊದಲು ಬಯಲು ಮಾಡಿದವರು ರಾಬ್ ಟೊಪೊಲ್‌ಸ್ಕಿ ಎಂಬ ಗ್ರಾಹಕ. ಹಳೆಯ ಹಾಡುಗಳನ್ನು ಹಂಚಲು ಹೋಗಿ ಆಗದಿದ್ದಾಗ ತಾಳ್ಮೆಯಿಂದ ಡೇಟಾ ಸಾಗುವ ಪೊಟ್ಟಣಗಳನ್ನು (ಪ್ಯಾಕೆಟ್) ಹಿಡಿದು ನೋಡಿದರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಬೈಬಲ್ ಪ್ರತಿಯೊಂದನ್ನು ಹಂಚಿ ನೋಡಿ ಅದನ್ನು ಖಚಿತಪಡಿಸಿತು. ಮರುವರ್ಷ ಅಲ್ಲಿನ ಸಂವಹನ ಆಯೋಗ ಕಂಪನಿಯ ವಿರುದ್ಧ ಆದೇಶ ಹೊರಡಿಸಿತು.

ದೂರಿನ ಕ್ರಮ ಹೀಗಿದೆ. ಮೊದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ದೂರು ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆಯಿಲ್ಲದ ದೂರು ದೂರೇ ಅಲ್ಲ. ತೃಪ್ತಿಯಾಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗ ವಿಚಾರಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊನೆಯ ದಾರಿ ಜಿಲ್ಲಾ ಗ್ರಾಹಕರ ಆಯೋಗ, ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಇದೆ. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕರ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ದೂರಿನಲ್ಲಿ ಸಿಟ್ಟನ್ನು ಬರೆಯಬೇಡಿ, ಅಳತೆಯನ್ನು ಬರೆಯಿರಿ: ದಿನಾಂಕ, ಗಂಟೆ, ಕೇಬಲ್ಲೋ ವೈಫೈಯೋ, ಯಾವ ಸರ್ವರ್, ಎಷ್ಟು ವೇಗ, ಜೊತೆಗೆ ಪರದೆಯ ಚಿತ್ರ. ಕಳೆದ ವರ್ಷ ಹಾಸನದ ವಿದ್ಯಾನಗರದ ಒಬ್ಬ ವಿದ್ಯಾರ್ಥಿ ಅಂಗಡಿಗೆ ಬಂದಿದ್ದ. ಉಚಿತ ಲಿನಕ್ಸ್ ಕಡತವನ್ನು ಟೊರೆಂಟ್ ಮೂಲಕ ಇಳಿಸಿದರೆ ಹಗಲು ರಾತ್ರಿ 1 ಎಂಬಿಪಿಎಸ್ ದಾಟುತ್ತಿರಲಿಲ್ಲ, ಅದೇ ಕಡತ ನೇರವಾಗಿ 60ರಲ್ಲಿ ಬರುತ್ತಿತ್ತು, ವಿಪಿಎನ್ ಹಾಕಿದರೆ ಟೊರೆಂಟೂ 40 ಮುಟ್ಟುತ್ತಿತ್ತು. ಇದು ದಟ್ಟಣೆಯ ಲಕ್ಷಣವಲ್ಲ. ಐದು ದಿನದ ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆದು, ಪರವಾನಗಿಯ ಷರತ್ತನ್ನು ಉಲ್ಲೇಖಿಸಿ ಮೇಲ್ಮನವಿ ಕಳಿಸಿದೆವು. "ನಮ್ಮ ಜಾಲದಲ್ಲಿ ಅಂಥ ಯಾವುದೇ ಕ್ರಮ ಇಲ್ಲ" ಎಂದು ಹನ್ನೊಂದನೆಯ ದಿನ ಉತ್ತರ ಬಂತು. ಅವನು ಆ ಸಂಜೆಯೇ ಮತ್ತೆ ಅಳೆದ. ಟೊರೆಂಟ್ 58ರಲ್ಲಿ ಇಳಿಯುತ್ತಿತ್ತು.